ಹಳೆಯ ಇಂಕು ಪೆನ್ನಿಗೆ ಹೊಸ ರಬ್ಬರ್ ಚೀಲ ಹಾಕಿಸುವ ಮುನ್ನ ಅಂಟು ಯಾವುದೆಂದು ಕೇಳಿ

ಲಿವರ್ ಎತ್ತಿ ಇಂಕು ತುಂಬಿಸುವ ಹಳೆಯ ಪೆನ್ನು ನಿಮ್ಮ ಮನೆಯಲ್ಲಿದ್ದು, ಅದರ ಒಳಗಿನ ರಬ್ಬರ್ ಚೀಲವನ್ನು ಬದಲಿಸಲು ಯಾರಿಗಾದರೂ ಕೊಡುವ ಯೋಚನೆ ಇದ್ದರೆ, ಕೊಡುವ ಮೊದಲು ಚೀಲವನ್ನು ಯಾವ ಅಂಟಿನಿಂದ ಕೂರಿಸುತ್ತೀರಿ ಎಂದು ತಪ್ಪದೆ ಕೇಳಿ. ಅರಗು ಅಥವಾ ಷೆಲ್ಲಾಕ್ ಎಂಬ ಉತ್ತರ ಬಂದರೆ ಮಾತು ಮುಂದುವರಿಸಬಹುದು. ‘ಜನ್ಮದಲ್ಲಿ ಬಿಡದ ಗಟ್ಟಿ ಅಂಟು’ ಎಂಬ ಭರವಸೆ ಬಂದರೆ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಮನೆಗೆ ಬನ್ನಿ. ಈ ಪ್ರಶ್ನೆಯನ್ನು ಕೇಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಪೆನ್ನು ನಮ್ಮ ಸೋದರಮಾವನವರದು. ಶೇಫರ್ ಕಂಪನಿ 1929ರಲ್ಲಿ ಹೊರತಂದ, ಎರಡೂ ತುದಿ ಚೂಪಾದ ಬ್ಯಾಲೆನ್ಸ್ ಮಾದರಿ. ಹಸಿರು ಗೆರೆಗಳ ಸೆಲ್ಯುಲಾಯ್ಡ್ ಮೈ, ಕ್ಲಿಪ್ಪಿನ ಮೇಲುಗಡೆ ಬಿಳಿ ಚುಕ್ಕೆ. ಲಿವರ್ ಮೂಲಕ ಇಂಕು ತುಂಬಿಸುವ ವ್ಯವಸ್ಥೆಗೆ 1908ರಲ್ಲಿ ಪೇಟೆಂಟ್ ಪಡೆದವರು ಇದೇ ಕಂಪನಿಯ ಸ್ಥಾಪಕ, ಅಮೆರಿಕದ ಫೋರ್ಟ್ ಮ್ಯಾಡಿಸನ್ ಊರಿನ ಆಭರಣ ವ್ಯಾಪಾರಿ ವಾಲ್ಟರ್ ಶೇಫರ್. ವ್ಯವಸ್ಥೆ ಸರಳವಾದುದು: ಲಿವರ್ ಎತ್ತಿದಾಗ ಒಳಗಿನ ಲೋಹದ ಪಟ್ಟಿಯು ಚೀಲವನ್ನು ಅದುಮಿ ಗಾಳಿಯನ್ನು ಹೊರದೂಡುತ್ತದೆ, ಬಿಟ್ಟಾಗ ಚೀಲ ಮತ್ತೆ ಉಬ್ಬುತ್ತ ಇಂಕನ್ನು ಹೀರಿಕೊಳ್ಳುತ್ತದೆ. ಹಲವು ದಶಕ ಕಳೆದ ಮೇಲೆ ರಬ್ಬರು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ನಮ್ಮ ಪೆನ್ನಿನಲ್ಲಿಯೂ ಹಾಗೆಯೇ ಆಗಿ, ಲಿವರ್ ಅಲುಗಾಡುತ್ತಿರಲಿಲ್ಲ. (ಅಂಥ ಲಿವರನ್ನು ಉಗುರು ಹಾಕಿ ಬಲವಂತವಾಗಿ ಎಬ್ಬಿಸಬಾರದು. ಲಿವರ್ ಬಾಗುತ್ತದೆ ಅಥವಾ ಬ್ಯಾರೆಲ್, ಅಂದರೆ ಪೆನ್ನಿನ ಕೊಳವೆಯಂಥ ಮೈ, ಸೀಳುತ್ತದೆ.)

ಹಳೆಯ ಪೆನ್ನುಗಳನ್ನು ಸರಿಮಾಡಿ ಮಾರುವ, ದುರಸ್ತಿಯನ್ನೂ ಮಾಡಿಕೊಡುವ ಒಬ್ಬರು ಜಾಲತಾಣದಲ್ಲಿ ಸಿಕ್ಕರು. ಅವರ ಹೆಸರು ಇಲ್ಲಿ ಬೇಡ, ಏಕೆಂದರೆ ಹೀಗೆ ಕೆಲಸ ಮಾಡುವವರು ಅವರೊಬ್ಬರೇ ಅಲ್ಲ. ಕೊರಿಯರ್‌ನಲ್ಲಿ ಹೋದ ಪೆನ್ನು ಫಳಫಳ ಹೊಳೆಯುತ್ತ ಹಿಂದಿರುಗಿತು, ಇಂಕನ್ನೂ ಹೀರಿಕೊಂಡಿತು, ಬರೆಯಿತು. ತಿಂಗಳು ತುಂಬುವ ಹೊತ್ತಿಗೆ ಹಿಡಿಕೆ (ನಿಬ್ಬಿನ ಹಿಂದೆ ಬೆರಳಿಡುವ ಭಾಗ) ಮತ್ತು ಬ್ಯಾರೆಲ್ ಸೇರುವ ಜಾಗದಲ್ಲಿ ಇಂಕು ಜಿನುಗಿ ಬೆರಳಿಗೆ ಹತ್ತತೊಡಗಿತು. ಫೋನು ಮಾಡಿದರೆ, ‘ಹಳೇ ಪೆನ್ನು ಸಾರ್, ಅದು ಇರೋದೇ ಹಾಗೆ’ ಎಂದರು.

ಪರಿಚಿತರೊಬ್ಬರ ಮೂಲಕ ಇನ್ನೊಬ್ಬ ಹಿರಿಯ ರಿಪೇರಿಯವರ ಬಳಿಗೆ ಹೋದೆ. ಅವರು ಭೂತಗನ್ನಡಿ ಹಿಡಿದು ತೋರಿಸಿದ ಮೇಲೆ ನಡೆದದ್ದೇನೆಂದು ತಿಳಿಯಿತು. ಚೀಲವನ್ನು ಸಿಕ್ಕಿಸುವ, ಎಬೊನೈಟ್ ಎಂಬ ಗಟ್ಟಿ ರಬ್ಬರಿನ ತೊಟ್ಟಿನ ಸುತ್ತ ಬಿಳಿಯ ಮಂಜು ಕವಿದಂತೆ ಒಂದು ಪೊರೆ ಇತ್ತು. ಸೂಪರ್ ಗ್ಲೂ ಒಣಗುವಾಗ ಅದರ ಆವಿ ಅಕ್ಕಪಕ್ಕದಲ್ಲಿ ಕೂತು ಹೀಗೆ ಬೆಳ್ಳಗಾಗುತ್ತದಂತೆ; ಅರಗು ಹಾಕಿದ್ದರೆ ಅಲ್ಲಿ ಜೇನಿನ ಬಣ್ಣದ ತೆಳು ಪಟ್ಟೆ ಕಾಣಿಸುತ್ತದೆ. ಗ್ಲೂ ಗಾಜಿನಂತೆ ಪೆಡಸಾಗಿ ಕೂತಿದ್ದರೆ ರಬ್ಬರು ಪ್ರತಿ ಸಲ ಇಂಕು ತುಂಬಿಸುವಾಗಲೂ ಬಳುಕಬೇಕು, ಆದ್ದರಿಂದ ಅಂಟಿನ ಅಂಚಿನಲ್ಲಿಯೇ ಚೀಲ ಹರಿದಿತ್ತು. ಹರಿದ ಚೀಲವನ್ನು ಬಿಡಿಸಹೊರಟಾಗ, ಅವರು ಎಷ್ಟೇ ನಾಜೂಕಾಗಿ ಕೆಲಸ ಮಾಡಿದರೂ, ತೊಟ್ಟಿನ ಒಂದು ಚೂರು ಗ್ಲೂ ಜೊತೆಯಲ್ಲಿಯೇ ಮುರಿದು ಬಂತು. ಅಸಿಟೋನ್ ಹಾಕಿದ್ದರೆ ಗ್ಲೂ ಕರಗುತ್ತಿತ್ತು, ನಿಜ. ಆದರೆ ಅಸಿಟೋನ್ ಸೆಲ್ಯುಲಾಯ್ಡನ್ನೂ ಕರಗಿಸುತ್ತದೆ, ಮತ್ತು ಹಿಡಿಕೆಯು ಬ್ಯಾರೆಲಿಗೆ ಸೇರುವಲ್ಲಿಯೂ ಅದೇ ಗ್ಲೂ ಸವರಿದ್ದರಿಂದ ಆ ದಾರಿ ಮೊದಲೇ ಮುಚ್ಚಿಹೋಗಿತ್ತು.

ಈ ಕೆಲಸಕ್ಕೆ ಅರಗನ್ನೇ ಬಳಸುವುದು ಹಳೆಯ ಪದ್ಧತಿಯ ಮೇಲಿನ ವ್ಯಾಮೋಹದಿಂದಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ, ರಬ್ಬರನ್ನು ತಿನ್ನುವುದಿಲ್ಲ, ಮತ್ತು ಬೇಕೆಂದಾಗ ಸ್ವಲ್ಪ ಬಿಸಿ ತಾಗಿಸಿದರೆ ಮೆತ್ತಗಾಗಿ ಬಿಟ್ಟುಕೊಡುತ್ತದೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಉಜ್ಜಿಕೆಯ ಬಿಸಿಗೇ ಅದು ಕರಗಿ ಮೆತ್ತಿಕೊಳ್ಳುವಂತೆ ಮಾಡುವುದನ್ನು ನೋಡಿದವರಿಗೆ ಈ ಗುಣವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ರಬ್ಬರ್ ಚೀಲ ಎಂದಾದರೊಮ್ಮೆ ಸಾಯಲೇಬೇಕಾದ ವಸ್ತುವಾದ್ದರಿಂದ, ಅದನ್ನು ಮುಂದಿನವರು ಬಿಡಿಸಲು ಆಗುವಂತೆ ಕೂರಿಸುವುದು ಈ ಕಸುಬಿನ ಮೊದಲ ಮರ್ಯಾದೆ ಎಂದು ನನ್ನ ಅಭಿಪ್ರಾಯ.

ಬ್ಯಾರೆಲ್ಲಿನ ಒಳಗೆ ಹಳೆಯ ಚೀಲದ ಚೂರುಗಳು ಹಾಗೆಯೇ ಇದ್ದವು. ಕಪ್ಪು ಹೆಂಚಿನ ಚೂರಿನಂಥ ಆ ತುಣುಕುಗಳ ಅಂಚು ಹೊಸ ಚೀಲವನ್ನು ಚುಚ್ಚಬಲ್ಲದು. ಅವನ್ನೆಲ್ಲ ಕೆರೆದು ತೆಗೆಯುವುದೇ ಅರ್ಧ ಕೆಲಸ, ಆ ಅರ್ಧವನ್ನು ಮಾಡಿಯೇ ಇರಲಿಲ್ಲ. ಹೊಸ ಚೀಲವೋ ಅಳತೆ ಮೀರಿದ್ದು. ಚೀಲಗಳ ನಂಬರು ಒಂದು ಇಂಚಿನ ಅರವತ್ತನಾಲ್ಕನೇ ಭಾಗದ ಲೆಕ್ಕದಲ್ಲಿರುತ್ತದೆ, ಅಂದರೆ 16ನೇ ನಂಬರಿನದು ಕಾಲು ಇಂಚು ದಪ್ಪ. ಹೆಚ್ಚು ಇಂಕು ಹಿಡಿಯಲಿ ಎಂದು ದಪ್ಪ ಚೀಲವನ್ನು ತುರುಕಿದರೆ ಅದು ಬ್ಯಾರೆಲ್ಲಿನ ಗೋಡೆಗೆ ಉಜ್ಜುತ್ತದೆ, ಪೂರ್ತಿ ಉಬ್ಬಲಾರದೆ ಮಡಿಚಿಕೊಳ್ಳುತ್ತದೆ, ಕೊನೆಗೆ ಹಿಡಿಯುವುದು ಕಡಿಮೆ ಇಂಕನ್ನೇ. ಚೀಲದ ಮೇಲೆ ಸುಗಂಧವಿಲ್ಲದ ಶುದ್ಧ ಟಾಲ್ಕ್ ಪುಡಿ ಸವರುವುದು ವಾಡಿಕೆ. ಅದರ ಗುರುತೂ ಇರಲಿಲ್ಲ.

ಬ್ಯಾರೆಲ್ಲಿನ ಬಾಯಿಯ ಬಳಿ ಕೂದಲೆಳೆಯಷ್ಟು ಸೀಳು, ಹಿಡಿಕೆಯ ಮೇಲೆ ಇಕ್ಕಳದ ಹಲ್ಲಿನ ಗುರುತು ಕಂಡವು. ಎರಡೂ ಒಂದೇ ಕಥೆಯನ್ನು ಹೇಳುತ್ತವೆ: ಬಿಸಿ ತಾಗಿಸದೆ, ಬರಿಯ ಬಲದಿಂದ ತಿರುಚಿ ಎಳೆದಿದ್ದಾರೆ. ಹೇರ್ ಡ್ರೈಯರ್‌ನ ಒಣ ಬಿಸಿಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ತಾಗಿಸಿ, ಪೆನ್ನನ್ನು ತಿರುಗಿಸುತ್ತ, ರಬ್ಬರ್ ಹೊದಿಸಿದ ಇಕ್ಕಳದಲ್ಲಿ ಮೆಲ್ಲಗೆ ಅಲುಗಿಸುವುದು ಸರಿಯಾದ ಕ್ರಮ, ಅದಕ್ಕೆ ತಾಳ್ಮೆ ಬೇಕು. ಇದಕ್ಕಿಂತ ದೊಡ್ಡ ಅಪಾಯ ಮೇಣದಬತ್ತಿ ಮತ್ತು ಲೈಟರಿನದು. ಹಳೆಯ ಸೆಲ್ಯುಲಾಯ್ಡ್ ತಯಾರಾಗುವುದು ಸೆಲ್ಯುಲೋಸ್ ನೈಟ್ರೇಟ್ ಮತ್ತು ಕರ್ಪೂರದಿಂದ. ಬೆಂಕಿ ತಾಗಿದರೆ ಅದು ಹೊತ್ತಿಕೊಳ್ಳುವ ವೇಗಕ್ಕೆ ಊದಿ ಆರಿಸುವ ಪುರುಸೊತ್ತು ಇರುವುದಿಲ್ಲ. ಬಿಸಿ ಮಾಡುವಾಗ ಮೂಗಿಗೆ ಕರ್ಪೂರದ ವಾಸನೆ ಬಡಿದರೆ ಅಲ್ಲಿಗೇ ನಿಲ್ಲಿಸಬೇಕು. ಕುದಿನೀರೂ ಸಲ್ಲದು, ಎಬೊನೈಟ್ ಬಣ್ಣಗೆಟ್ಟು ಕಂದಾಗುತ್ತದೆ.

ನನಗೆ ಅತಿ ಹೆಚ್ಚು ಬೇಸರವಾದದ್ದು ಹೊಳಪಿನ ವಿಷಯದಲ್ಲಿ. ಪೆನ್ನಿನ ಕ್ಯಾಪಿನ ಹಸಿರು ತಿಳಿಯಾಗಿಯೂ ಬ್ಯಾರೆಲ್ಲಿನ ಹಸಿರು ಕಂದಾಗಿಯೂ ಇದ್ದದ್ದು ಕೊಳೆಯಿಂದಲ್ಲ. ಹಳೆಯ ರಬ್ಬರ್ ಚೀಲ ಬಿಡುವ ಗಂಧಕದ ಆವಿ ವರ್ಷಾನುಗಟ್ಟಲೆ ಒಳಗಿನಿಂದ ತಾಗಿದ್ದರಿಂದ. ತಿಳಿಬಣ್ಣದ ಸೆಲ್ಯುಲಾಯ್ಡ್ ಪೆನ್ನುಗಳಲ್ಲಿ ಇದು ಸಾಮಾನ್ಯ, ಮತ್ತು ಬಣ್ಣ ಕೆಟ್ಟಿರುವುದು ವಸ್ತುವಿನ ಒಳಮೈಯಲ್ಲಿ ಆದ್ದರಿಂದ ಹೊರಗೆ ಎಷ್ಟು ಉಜ್ಜಿದರೂ ಮರಳಿ ಬಾರದು. ಅದನ್ನು ತೆಗೆದುಕೊಡುತ್ತೇನೆಂದು ಮೆಷಿನ್ನಿನ ಬಟ್ಟೆಚಕ್ರಕ್ಕೆ ಹಿಡಿದವರು, ಬ್ಯಾರೆಲ್ ಮೇಲೆ ಅಚ್ಚೊತ್ತಿದ್ದ ಕಂಪನಿಯ ಹೆಸರನ್ನೂ ಊರಿನ ಹೆಸರನ್ನೂ ಅರ್ಧಕ್ಕರ್ಧ ಸವೆಸಿ ಕಳಿಸಿದ್ದರು. ಸೀಳಿಗೆ ಮದ್ದುಂಟು, ಸವೆದ ಅಕ್ಷರಕ್ಕೆ ಇಲ್ಲ. ಹೊಳಪು ಕೊಡಬೇಡಿ ಎಂದು ಚೀಟಿಯಲ್ಲಿ ಬರೆದೇ ಪೆನ್ನನ್ನು ಕಳಿಸಿ.

ಸಿಲಿಕೋನ್ ಚೀಲ ಹಾಕಿಸಿ, ಅದು ಶಾಶ್ವತ ಎಂದು ಹೇಳುವವರೂ ಇದ್ದಾರೆ. ಸಿಲಿಕೋನ್ ಗಂಧಕದ ಆವಿ ಬಿಡುವುದಿಲ್ಲ ಎಂಬುದು ಸರಿ, ಆದರೆ ಅದು ತನ್ನ ಮೂಲಕ ನೀರಾವಿಯನ್ನು ಹಾಯಗೊಡುತ್ತದೆ. ಒಳಗಿರುವ ಲೋಹದ ಪಟ್ಟಿಗೆ ತೇವ ಹಿತವಲ್ಲ.

ಚೀಲವೇ ಇಲ್ಲದ ಪೆನ್ನಿಗೂ ‘ಚೀಲ ಬದಲಾವಣೆ’ಯ ದರ ಹೇಳುವವರನ್ನು ಕಂಡಿದ್ದೇನೆ. 1933ರಲ್ಲಿ ಬಂದ ಪಾರ್ಕರ್ ವ್ಯಾಕ್ಯುಮ್ಯಾಟಿಕ್‌ನಲ್ಲಿರುವುದು ಡಯಾಫ್ರಮ್ ಎಂಬ ರಬ್ಬರ್ ಪೊರೆ, ಅದನ್ನು ಬಿಚ್ಚಲು ಪ್ರತ್ಯೇಕ ಉಪಕರಣವೇ ಬೇಕು. 1948ರಿಂದ ಬಂದ ಏರೋಮೆಟ್ರಿಕ್ (ಅದುಮಿ ಇಂಕು ತುಂಬಿಸುವ) ಮಾದರಿಯ ಪಾರ್ಕರ್ 51ರಲ್ಲಿ ಚೀಲವಿದೆ, ಆದರೆ ಅದು ರಬ್ಬರಿನದಲ್ಲ, ಪಿವಿಸಿಯದು. ಅವುಗಳಲ್ಲಿ ಬಹುಪಾಲು ಇಂದಿಗೂ ಮೆತ್ತಗೆ ಕೆಲಸ ಮಾಡುತ್ತಿವೆ. ಅಂಥ ಪೆನ್ನು ಇಂಕು ಹೀರದಿದ್ದರೆ ಮೊದಲು ತಣ್ಣೀರಿನಲ್ಲಿ ನೆನೆಹಾಕಿ, ಒಣಗಿದ ಇಂಕು ಬಿಡುವವರೆಗೆ ಮತ್ತೆ ಮತ್ತೆ ತೊಳೆದು ನೋಡಿ.

ದುರಸ್ತಿಯಾಗಿ ಬಂದ ಪೆನ್ನಿಗೆ ನೇರವಾಗಿ ಇಂಕು ತುಂಬಿಸಬೇಡಿ. ನೀರು ತುಂಬಿಸಿ, ಲಿವರ್ ಬಿಟ್ಟ ಮೇಲೂ ನಿಬ್ಬನ್ನು ಸುಮಾರು ಹತ್ತು ಸೆಕೆಂಡು ನೀರಿನಲ್ಲೇ ಇಟ್ಟು ಹೊರತೆಗೆಯಿರಿ, ನಿಬ್ಬು ಕೆಳಗಾಗಿ ಒಂದು ರಾತ್ರಿ ಲೋಟದಲ್ಲಿ ನಿಲ್ಲಿಸಿ, ಹಿಡಿಕೆಯ ಸಂದಿಗೆ ಟಿಶ್ಯೂ ಕಾಗದ ಸುತ್ತಿಡಿ. ಕಾಗದ ಒದ್ದೆಯಾದರೆ ಪೆನ್ನನ್ನು ಅದೇ ಪೆಟ್ಟಿಗೆಯಲ್ಲಿ ವಾಪಸು ಕಳಿಸಬಹುದು. ಇಂಕು ಹಾಕಿದ ಮೇಲಾದರೆ, ಒಳಗೆ ಬಿದ್ದ ಕಲೆಗೆ ನೀವೇ ಕಾರಣ ಎನ್ನುತ್ತಾರೆ, ನನಗೆ ಅಂದದ್ದೂ ಅದನ್ನೇ.