ಪರದೆಯ ಕೋಡ್: ಕಾಣಿಸಲಾ, ಅಡಗಿಸಲಾ?

ಪರದೆಯಿಂದ ಫೋನಿಗೆ ಮಾಹಿತಿ ದಾಟಿಸುವ ಕೋಡನ್ನು ಕಾಣುವಂತೆ ಇಡಬಹುದು, ಚಿತ್ರದೊಳಗೆ ಅಡಗಿಸಲೂಬಹುದು. ಮೂಲೆಯಲ್ಲಿ ಕ್ಯೂಆರ್ ಚೌಕ ಇಟ್ಟರೆ ಪರದೆಯ ಅಂದ ಕೆಡುತ್ತದೆ, ನಿಜ. ಆದರೆ ಫೋನಿನ ಕ್ಯಾಮೆರಾನೇ ಓದುತ್ತದೆ, ಬೇರೆ ಆಪ್ ಬೇಡ.

ಅಡಗಿಸಲು ಎರಡು ದಾರಿ. ಒಂದು ಮಿನುಗು. 120 ಹರ್ಟ್ಸ್ ಪರದೆಯಲ್ಲಿ, ಅಂದರೆ ಸೆಕೆಂಡಿಗೆ 120 ಫ್ರೇಮು (ಬಿಡಿ ಚಿತ್ರ) ತೋರಿಸುವ ಪರದೆಯಲ್ಲಿ, ಒಂದು ಫ್ರೇಮಿನಲ್ಲಿ ಕೋಡಿನ ಚೌಕಗಳನ್ನು ತುಸು ಬೆಳಗಿಸಿ, ಮುಂದಿನದರಲ್ಲಿ ಅಷ್ಟೇ ಮಂಕಾಗಿಸುತ್ತಾರೆ. ಕಣ್ಣಿಗೆ ಎರಡೂ ಬೆರೆತು ಮಾಮೂಲಿ ಚಿತ್ರ. ವ್ಯತ್ಯಾಸ ಸಿಗುವುದು ಕ್ಯಾಮೆರಾಗೆ. 60 ಹರ್ಟ್ಸ್ ಪರದೆಯಲ್ಲಿ ಇದನ್ನೇ ಮಾಡಿದರೆ ಮಿಣಮಿಣ ಕಾಣಿಸಿಬಿಡುತ್ತದೆ. ಇನ್ನೊಂದು, ಚಿತ್ರದ ಬಣ್ಣದಲ್ಲೇ ಬೆರೆಸುವ ವಾಟರ್‌ಮಾರ್ಕ್, ಅಂದರೆ ಕಣ್ಣಿಗೆ ಕಾಣದ ಗುರುತು. ಮಾಮೂಲಿ ಪರದೆ ಸಾಕು, ಹಿಡಿಸುವ ಮಾಹಿತಿ ಮಾತ್ರ ಕಡಿಮೆ.

ದಾರಿಹೋಕರಿಗಾದರೆ ಚೌಕವೇ ಸರಿ. ಕೋಡ್ ಇದೆ ಅಂತ ಅವರಿಗೆ ಗೊತ್ತಾಗಬೇಕಲ್ವಾ? ಪರದೆಯ ಫೋಟೊ ಸೋರಿದ್ದು ಎಲ್ಲಿಂದ ಅಂತ ಹುಡುಕಲು ವಾಟರ್‌ಮಾರ್ಕ್. ವೇಗದ ಪರದೆ, ಓದುವ ಆಪ್ ಎರಡೂ ನಿಮ್ಮ ಕೈಯಲ್ಲಿದ್ದರೆ ಮಿನುಗು.