ಟೆನ್ಸ್ ಯಂತ್ರ: ಹೆಗಲಿಗೆ ಹೌದು, ಕಾಲಿನ ಉರಿಗೆ ಅಲ್ಲ

ಎರಡು ಚಾನೆಲ್, ನಾಲ್ಕು ಪ್ಯಾಡ್, 9 ವೋಲ್ಟಿನ ಚೌಕ ಬ್ಯಾಟರಿ. ಕಲಬುರಗಿಯ ಒಂದು ಸರ್ಜಿಕಲ್ ಅಂಗಡಿಯಲ್ಲಿ ಕೊಂಡ ಸಾದಾ ಟೆನ್ಸ್ ಯಂತ್ರ, ಅಂದರೆ ಚರ್ಮಕ್ಕೆ ಅಂಟಿಸಿದ ಪ್ಯಾಡಿನಿಂದ ಸಣ್ಣ ಕರೆಂಟ್ ಬಿಟ್ಟು ನೋವು ತಗ್ಗಿಸುವ ಯಂತ್ರ. ಎರಡು ವರ್ಷ ದಾಟಿದೆ, ಇನ್ನೂ ನಡೆಯುತ್ತಿದೆ. ಕೊಡುವಾಗ ಅಂಗಡಿಯವರು "ಕಾಲಿಗ್ ಹಚ್ರಿ ಅಣ್ಣಾರ, ಎದ್ದು ಅಡ್ಡಾಡ್ತೀರಿ" ಅಂದಿದ್ದರು. ಆ ಮಾತನ್ನು ಅಲ್ಲೇ ಬಿಟ್ಟು ಯಂತ್ರವನ್ನಷ್ಟೇ ಮನೆಗೆ ತಂದೆ. ಟೆನ್ಸ್‌ನಿಂದ ನರ ಕೂಡುವುದಿಲ್ಲ, ಕಾಲು ಏಳುವುದಿಲ್ಲ.

ನನ್ನದು ಡಿ12 ಮಟ್ಟದ, ಅಂದರೆ ಎದೆಭಾಗದ ಹನ್ನೆರಡು ಬೆನ್ನೆಲುಬುಗಳಲ್ಲಿ ಕೊನೆಯದರ ಮಟ್ಟದ ಬೆನ್ನುಹುರಿ ಗಾಯ. ಕಾಲು ಮುಟ್ಟಿದರೆ ಗೊತ್ತಾಗುವುದಿಲ್ಲ, ಉರಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. "ಮುಟ್ಟಿದ್ದೇ ತಿಳಿಯಂಗಿಲ್ಲ ಅಂತಿ, ಮತ್ತ ಬ್ಯಾನಿ ಹ್ಯಾಂಗ?" ಎಂದು ನಮ್ಮ ಕಾಕಾ ಈಗಲೂ ಕೇಳುತ್ತಾರೆ. ಹುರಿಗೆ ಪೆಟ್ಟಾದ ಮೇಲೆ ಹುರಿ, ಮೆದುಳು ತಾವೇ ನೋವಿನ ಸಂಕೇತ ಹುಟ್ಟಿಸುತ್ತವೆ. ಇದು ನರದ ನೋವು. ಹೆಗಲಿನದು ಬೇರೆ ಕಥೆ. ಗಾಲಿಕುರ್ಚಿ ತಳ್ಳಿ ತಳ್ಳಿ, ದಿನಾ ಮಂಚದಿಂದ ಕುರ್ಚಿಗೆ ಮೈ ಎತ್ತಿ ಹಾಕಿ ಸ್ನಾಯು, ಕೀಲು ದಣಿದು ಬರುವ ನೋವು ಅದು. ಈ ಎರಡನ್ನೂ ಒಂದೇ ಎಂದುಕೊಂಡು ಟೆನ್ಸ್ ಕೊಂಡರೆ ದುಡ್ಡು ದಂಡ.

ಹೆಗಲಿಗೆ ಇದು ಕೆಲಸ ಮಾಡುತ್ತದೆ. ಸಂಜೆ ಎರಡು ಪ್ಯಾಡ್ ಹೆಗಲ ಹಿಂದೆ, ಎರಡು ತೋಳಿನ ಮೇಲ್ಭಾಗಕ್ಕೆ ಹಚ್ಚಿ, 100 ಹರ್ಟ್ಸ್ (ಸೆಕೆಂಡಿಗೆ ನೂರು ಮಿಡಿತ) ಆಸುಪಾಸಿನಲ್ಲಿಟ್ಟು ಅರ್ಧ ಗಂಟೆ ಬಿಡುತ್ತೇನೆ. ಜೋರಾಗಿ ಜುಮುಗುಡಬೇಕು, ಆದರೆ ಚುಚ್ಚಬಾರದು. ಒಂದೇ ಸೆಟ್ಟಿಂಗ್‌ಗೆ ಮೈ ಒಗ್ಗಿಬಿಡುತ್ತದೆ, ಅದಕ್ಕೆ ತಾನೇ ಏರಿಳಿಯುವ ಮೋಡ್ ಇರುವುದನ್ನೇ ನೋಡಿ ಕೊಳ್ಳಿ. ತೆಗೆದ ಮೇಲೂ ಒಂದೆರಡು ತಾಸು ಹಗುರ ಇರುತ್ತದೆ, ಆಮೇಲೆ ನೋವು ಮರಳುತ್ತದೆ. ಆ ಹಗುರದಲ್ಲೇ ಫಿಸಿಯೋ ಹೇಳಿಕೊಟ್ಟ ರಬ್ಬರ್ ಬ್ಯಾಂಡಿನ ವ್ಯಾಯಾಮ ಮುಗಿಸುತ್ತೇನೆ. ನಿಜ ಹೇಳಬೇಕೆಂದರೆ ಹೆಗಲು ಉಳಿದಿರುವುದು ವ್ಯಾಯಾಮದಿಂದ, ಯಂತ್ರ ಅದಕ್ಕೆ ದಾರಿ ಬಿಡಿಸುತ್ತದೆ.

ಇದರ ಹಿಂದಿನ ತರ್ಕ 1965ರಲ್ಲಿ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ ಮುಂದಿಟ್ಟದ್ದು: ಸ್ಪರ್ಶದ ಸಂಕೇತ ಹುರಿಯೊಳಗೆ ನೋವಿನ ಸಂಕೇತಕ್ಕೆ ಬಾಗಿಲು ಹಾಕುತ್ತದೆ. ಮೊಣಕೈ ತಾಗಿದಾಗ ಗಸಗಸ ತಿಕ್ಕಿಕೊಳ್ಳುತ್ತೇವಲ್ಲ, ಹಾಗೆ. ಸ್ಪರ್ಶವೇ ಮೆದುಳಿಗೆ ತಲುಪದ ಕಾಲಿನಲ್ಲಿ ಆ ಲೆಕ್ಕ ಹಿಡಿಯುವುದು ಕಷ್ಟ. ಫಿಸಿಯೋ ಮಾತಿನಂತೆ ಗಾಯದ ಮಟ್ಟಕ್ಕಿಂತ ಮೇಲೆ, ಸ್ಪರ್ಶ ಇರುವ ಅಂಚಿನಲ್ಲಿ ಹಚ್ಚಿ ನೋಡಿದೆ. ನನ್ನ ಉರಿಗೆ ಹೇಳಿಕೊಳ್ಳುವಂಥ ಫರಕು ಬೀಳಲಿಲ್ಲ. ಸ್ಪರ್ಶವಿಲ್ಲದ ಚರ್ಮಕ್ಕಂತೂ ಹಚ್ಚಲೇಬೇಡಿ, ಸುಟ್ಟರೂ ತಿಳಿಯುವುದಿಲ್ಲ. ಬಿಸಿನೀರಿನ ಚೀಲಕ್ಕೂ ಇದೇ ಮಾತು. ಇದನ್ನು ಅವ್ವಗೆ ಒಪ್ಪಿಸುವಷ್ಟರಲ್ಲಿ ನನಗೆ ಸಾಕುಬೇಕಾಯಿತು.

ಉರಿಗೆ ನಾನು ನಂಬಿರುವುದು ಡಾಕ್ಟರ್ ಬರೆದ ಪ್ರಿಗ್ಯಾಬಲಿನ್. ಬೆನ್ನುಹುರಿ ಗಾಯದ ನರನೋವಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿದ ಔಷಧ ಅದು. ಮಂಪರು ಬರುತ್ತದೆ, ಕೆಲವರಿಗೆ ಕಾಲು ಬಾಯುತ್ತದೆ, ಒಮ್ಮೆಲೇ ನಿಲ್ಲಿಸುವಂತಿಲ್ಲ. ಉರಿ ದಿಢೀರನೆ ಏರಿದರೆ ಮಾತ್ರೆ ಹೆಚ್ಚಿಸುವ ಮೊದಲು ಮೂತ್ರದ ಸೋಂಕು, ಮಲಬದ್ಧತೆ, ಒತ್ತುಹುಣ್ಣು ಇವನ್ನು ನೋಡಿಸಬೇಕು. ನನ್ನ ವಿಷಯದಲ್ಲಿ ಹೆಚ್ಚಾಗಿ ಮೂತ್ರದ್ದೇ ಕಿತಾಪತಿ.

ಯಂತ್ರದ ದೊಡ್ಡ ತೊಂದರೆ ಪ್ಯಾಡು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಬೆವರು ಇಳಿದು ಹೆಗಲಿನ ಉಬ್ಬಿನಲ್ಲಿ ಅಂಚು ಏಳುತ್ತದೆ. ಅಂಚು ಎದ್ದರೆ ಕರೆಂಟ್ ಒಂದೇ ಕಡೆ ಸೇರಿ ಚುರ್ ಎನ್ನುತ್ತದೆ. ಬೇಸಿಗೆಯಲ್ಲಿ ಮೈ ಒರೆಸಿಕೊಂಡು, ಕೂಲರ್ ಮುಂದೆ ಕುಳಿತೇ ಹಚ್ಚಿಕೊಳ್ಳುತ್ತೇನೆ. ಪ್ಯಾಡಿನ ಅಂಟು ಒಣಗಿದರೆ ಎರಡು ಹನಿ ನೀರು ಸವರಿ ಒಂದಷ್ಟು ದಿನ ದೂಡಬಹುದು. ವೈರು ಪಿನ್ನಿನ ಹತ್ತಿರವೇ ಮುರಿಯುತ್ತದೆ, ಹಿಡಿದು ಎಳೆಯಬೇಡಿ. ರಿಚಾರ್ಜ್ ಆಗುವ ಬ್ಯಾಟರಿ ಕೊಂಡರೆ ಲಾಭ.

ಪೇಸ್‌ಮೇಕರ್ ಇದ್ದವರು ಇದರ ತಂಟೆಗೆ ಹೋಗಬಾರದು, ಕತ್ತಿನ ಮುಂಭಾಗಕ್ಕೆ ಯಾರೂ ಹಚ್ಚಬಾರದು. ಡಿ6 ಅಥವಾ ಅದಕ್ಕಿಂತ ಮೇಲಿನ ಗಾಯದವರಿಗೆ ಬಿಪಿ ಒಮ್ಮೆಲೇ ಏರುವ ಅಪಾಯ ಇರುವುದರಿಂದ ಡಾಕ್ಟರ್ ಎದುರೇ ಮೊದಲ ಸಲ ಹಚ್ಚಿಸಿಕೊಳ್ಳಲಿ. ಐದಕ್ಕೆ ಮೂರೂವರೆ ನಕ್ಷತ್ರ ಕೊಡುತ್ತೇನೆ. ಕೊಳ್ಳುವ ಮೊದಲು ಅದೇ ಪಿನ್ನಿನ ಪ್ಯಾಡು ಬಿಡಿಯಾಗಿ ಊರಲ್ಲೇ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.