ಪ್ಯಾಲಿಯೇಟಿವ್ ನರ್ಸಿಂಗ್: ಮನೆಯಿಂದ ಓದುವುದಾ, ಆರು ವಾರ ಹೋಗಿ ಕಲಿಯುವುದಾ?

ವಾಸಿಯಾಗದ ಕಾಯಿಲೆಯವರ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಕಲಿಯಲು ಹೊರಟ ನರ್ಸ್‌ಗಳ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘದ ದೂರಶಿಕ್ಷಣ ಕೋರ್ಸ್ 8 ವಾರದ್ದು. ಡಾಕ್ಟರ್‌ಗಳೂ ನರ್ಸ್‌ಗಳೂ ಸೇರಬಹುದು. ಡ್ಯೂಟಿ ಬಿಡಬೇಕಿಲ್ಲ. ನೋವನ್ನು ಅಳೆಯುವುದು, ನೋವಿನ ಔಷಧಿ ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಗೂ ಔಷಧಿ ಬೇಕು ಎನ್ನುವಂಥ ವಿಷಯಗಳನ್ನು ಓದಿಯೇ ಕಲಿಯಬಹುದು.

ತಿರುವನಂತಪುರದಲ್ಲಿ ಪ್ಯಾಲಿಯಂ ಇಂಡಿಯಾ ಸಂಸ್ಥೆ ನಡೆಸುವ ನರ್ಸಿಂಗ್ ಕೋರ್ಸ್ 6 ವಾರದ್ದು. ಅಷ್ಟು ದಿನ ರಜೆ ಸಿಗುವುದೇ ಕಷ್ಟ, ಅಲ್ವಾ? ಆದರೂ ಸಾಧ್ಯವಾದರೆ ನಾನು ಇದನ್ನೇ ಹೇಳುತ್ತೇನೆ. ವಾಸನೆ ಬರುವ ಕ್ಯಾನ್ಸರ್ ಹುಣ್ಣಿಗೆ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಪುಡಿಮಾಡಿ ಹಾಕುವುದನ್ನು ಕಣ್ಣಾರೆ ನೋಡಬೇಕು. "ಇನ್ನೆಷ್ಟು ದಿನ ಸಿಸ್ಟರ್?" ಎಂದು ರೋಗಿ ಕೇಳಿದಾಗ ಅನುಭವಸ್ಥ ನರ್ಸ್ ಸುಮ್ನೆ ಪಕ್ಕದಲ್ಲಿ ಕೂತು, ಅವರಿಗೆ ಏನು ಭಯ ಎಂದು ಮೊದಲು ಕೇಳುತ್ತಾರೆ. ಅದು ಪುಸ್ತಕದಿಂದ ಬರುವುದಿಲ್ಲ.

ಒಂದೇ ತೊಡಕು, ಅಲ್ಲಿನ ರೋಗಿಗಳ ಮಾತು ಮಲಯಾಳಂ. ಈ ಕೆಲಸದಲ್ಲಿ ಮಾತೇ ಅರ್ಧ ಮದ್ದು. ದೂರಶಿಕ್ಷಣ ಆರಿಸಿಕೊಂಡವರೂ ಬೆಂಗಳೂರಿನ ಕರುಣಾಶ್ರಯದಲ್ಲಿ ಕೆಲವು ದಿನ ಇರಲು ಅವಕಾಶವಿದೆಯಾ ಎಂದು ಕೇಳಿ ನೋಡಿ. ಅಲ್ಲಿ ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಾರೆ. ಕನ್ನಡದಲ್ಲೇ ಮಾತಾಡಿಸುತ್ತ ಕಲಿಯಬಹುದು.